ಒರಳು ಕಣಿವೆಯ ಹದಿಮೂರನೆಯವನು

ಬೆಟ್ಟದ ದೇವಿಯ ಗುಡಿ ಮುಂದಿನ ಮರದ ಕಮಾನಿನ ಕೆಳಗೆ ನಿಂತು ತೊಮೆಕಿಚಿ ತಲೆ ಎಣಿಸಿದ. ಮತ್ತೊಮ್ಮೆ ಎಣಿಸಿದ. ಮೂರನೆಯ ಸಲ ಎಣಿಸಿ ಮುಗಿಸಿದವನೇ ಬಗ್ಗಿ ಕಾಲಿನ ಹಿಮಪಾದುಕೆಯ ಹಗ್ಗ ಬಿಚ್ಚತೊಡಗಿದ.

"ಏನಾಯ್ತು ಅಜ್ಜಾ?" ಅಂದಳು ಚಿಗುಸಾ.

"ಹನ್ನೆರಡು."

"ಹೂಂ, ಹನ್ನೆರಡು. ಅದಕ್ಕೇನೀಗ?"

"ಹನ್ನೆರಡು ಜನ ಬೆಟ್ಟ ಹತ್ತೋ ಹಾಗಿಲ್ಲ. ನಾನು ಮನೆಗೆ ಹೋಗ್ತೀನಿ."

ಚಿಗುಸಾಗೆ ರೇಗಿತು. ರೇಗದೆ ಏನು ಮಾಡೀತು? ಒಂಬತ್ತು ವರ್ಷ ದೂರದ ಬೆಟ್ಟಗಳಲ್ಲಿ ಕಂಡವರ ಗಂಟುಮೂಟೆ ಹೊತ್ತು, ಕಂಡವರ ಬಾಯಲ್ಲಿ ಬೈಸಿಕೊಂಡು, ಹಿಮದ ಪದರ ಓದುವುದನ್ನು ಕಲಿತು ಊರಿಗೆ ಬಂದವಳು ಅವಳು. ಊರ ಹಿಂದಿನ ಬೆಟ್ಟಕ್ಕೆ ಹೊರಗಿನವರನ್ನು ಸ್ಕೀ ಮೇಲೆ ಕರೆದೊಯ್ಯುವ ಕೆಲಸ ಶುರು ಮಾಡಬೇಕು, ಇಲ್ಲೇ ಬದುಕಬೇಕು ಅಂತ ಅವಳ ಆಸೆ. ಅದಕ್ಕೆ ಊರಿನ ಬೇಟೆಗಾರರು ಒಪ್ಪಬೇಕು. ಬೇಟೆಗಾರರು ಅಂದರೆ ತೊಮೆಕಿಚಿ. ತಂಡದ ಮುಂದಾಳನ್ನು ಈ ಕಡೆ ಶಿಕಾರಿ ಅನ್ನುತ್ತಾರೆ. ಬೆಟ್ಟದಲ್ಲಿ ಶಿಕಾರಿ ನಿಲ್ಲು ಅಂದರೆ ನಿಲ್ಲಬೇಕು, ಕೂರು ಅಂದರೆ ಕೂರಬೇಕು. ಕಾಗದದಲ್ಲಿ ಬೆಟ್ಟ ಸರ್ಕಾರದ್ದು, ನಿಜ. ಆದರೆ ಶಿಕಾರಿ ಬೇಡ ಅಂದಮೇಲೆ ಅವಳ ಅತಿಥಿಗಳಿಗೆ ಮಲಗಲು ಜಾಗ, ಉಣ್ಣಲು ಒಂದು ಬಟ್ಟಲು ಸಾರು ಕೊಡುವ ಮನೆ ಊರಲ್ಲಿ ಒಂದೂ ಸಿಗುತ್ತಿರಲಿಲ್ಲ. ಎರಡು ತಿಂಗಳು ಅವನ ಹಿಂದೆ ಅಲೆದು, ಅವನ ಸೇಬಿನ ತೋಟದಲ್ಲಿ ಕೊಂಬೆ ಕತ್ತರಿಸಿಕೊಟ್ಟು, ಕೊನೆಗೆ ಒಂದು ಮಾತು ಗಿಟ್ಟಿಸಿದ್ದಳು: "ಒಂದು ದಿನ ನಾನೂ ಬರ್ತೀನಿ. ನೋಡ್ತೀನಿ."

ಆ ಒಂದು ದಿನ ಇವತ್ತು. ಈಗ ಈ ಮುದುಕ ಹಗ್ಗ ಬಿಚ್ಚುತ್ತಿದ್ದಾನೆ!

"ಹದಿಮೂರು ಜನ ಇದ್ವಿ ಅಜ್ಜಾ. ಒಬ್ಬರಿಗೆ ಬೆಳಿಗ್ಗೆ ಹೊಟ್ಟೆ ಕೆಟ್ಟಿತು. ಅದಕ್ಕೆ ನಾನೇನು ಮಾಡ್ಲಿ?"

"ದೇವಿಗೆ ಹನ್ನೆರಡು ಮಕ್ಕಳು. ಹನ್ನೆರಡು ಅವಳ ಲೆಕ್ಕ. ನಾವು ಹನ್ನೆರಡು ಜನ ಹೋದ್ರೆ ತನ್ನ ಮಕ್ಕಳೇ ಅಂತ ಒಬ್ಬನ್ನ ಇಟ್ಕೋತಾಳೆ," ಅಂದ ತೊಮೆಕಿಚಿ. ಸೇಬಿನ ದರ ಹೇಳಿದಷ್ಟೇ ತಣ್ಣಗೆ.

ಸೆಂದಾಯಿ ನಗರದಿಂದ ಬಂದ ಒಂಬತ್ತು ಅತಿಥಿಗಳು ಮುಖ ಮುಖ ನೋಡಿಕೊಂಡರು. ಅವರಲ್ಲಿ ಹಿರಿಯ ಒಗಾತಾ. ಶಾಲೆಯಲ್ಲಿ ಆಟದ ಮೇಷ್ಟರು, ಮಡಿಕೆ ಕೂಡ ಮಾಸದ ಹೊಸ ಹಳದಿ ಜಾಕೆಟ್ಟು. ಅವನು ಕೈಗಡಿಯಾರ ನೋಡಿ ಕೆಮ್ಮಿದ.

"ಅಯ್ಯೋ, ಇಷ್ಟಕ್ಕೇ ಯಾಕೆ ಜಗಳ?" ಅಂತ ಮುಂದೆ ಬಂದ ಮಾನ್ಸಾಕು. ತೊಮೆಕಿಚಿಯ ಜೊತೆ ನಲವತ್ತು ವರ್ಷದಿಂದ ಕರಡಿ ಬೇಟೆಗೆ ಹೋಗುವ ಮನುಷ್ಯ. ಬಾಯಿ ಬಿಟ್ಟರೆ ತಮಾಷೆ, ಮುಚ್ಚಿದರೆ ನಿದ್ದೆ. "ಸಾನ್ಸುಕೆನ ಕರ್ಕೊಂಡ್ ಹೋಗೋಣ. ಹತ್ತು ನಿಮಿಷ ಕೊಡಿ."

ಹಿಮದ ಭಾರಕ್ಕೆ ಮುರಿದು ಬಿದ್ದ ಕೊಂಬೆಯೊಂದನ್ನು ಗರಗಸದಿಂದ ಮೊಳದುದ್ದ ಕೊಯ್ದ. ಚಾಕು ತೆಗೆದು ಕುತ್ತಿಗೆ ಮಾಡಿದ, ಮೂಗು ಮಾಡಿದ, ಇದ್ದಿಲಿನಿಂದ ಕಣ್ಣು ಬರೆದ. ಹುಬ್ಬು ಒಂದು ಮೇಲೆ, ಒಂದು ಕೆಳಗೆ. ಚೀಲದ ತಳದಿಂದ ಹುಲ್ಲಿನ ಹಳೇ ಕಾಲುಚೀಲ ತೆಗೆದು ಅಂಗಿಯಂತೆ ತೊಡಿಸಿದ. ಹನ್ನೆರಡು ಜನರ ತಂಡಕ್ಕೆ ಸಾನ್ಸುಕೆ ಅನ್ನೋ ಮರದ ಆಳು ಒಬ್ಬ ಸೇರಿದರೆ ಹದಿಮೂರು. ಅಜ್ಜನ ಅಜ್ಜಂದಿರ ಕಾಲದಿಂದ ದೇವಿ ಈ ಮೋಸಕ್ಕೆ ಒಪ್ಪಿಕೊಂಡೇ ಬಂದಿದ್ದಾಳೆ.

"ಇವನು ನಮ್ಮವನು," ಅಂದ ತೊಮೆಕಿಚಿ, ಗೊಂಬೆಯನ್ನು ತಿರುಗಿಸಿ ನೋಡಿ. "ಎಲ್ಲರಿಗೆ ಕೊಟ್ಟಿದ್ದೆಲ್ಲ ಇವನಿಗೂ ಕೊಡ್ಬೇಕು. ಅನ್ನದ ಉಂಡೆ, ಸಾಕೆ ಹೆಂಡ, ಎಲ್ಲ. ಭೇದ ಮಾಡಿದ್ರೆ ಲೆಕ್ಕಕ್ಕಿಲ್ಲ. ಮಾನ್ಸಾಕು, ಜವಾಬ್ದಾರಿ ನಿಂದು."

"ನನ್ನ ತಮ್ಮನ ಥರ ನೋಡ್ಕೋತೀನಿ."

"ನಿನ್ನ ತಮ್ಮ ನಿನ್ನ ಜೊತೆ ಮಾತು ಬಿಟ್ಟು ಆರು ವರ್ಷ ಆಯ್ತು."

ಚಿಗುಸಾ ಹಲ್ಲು ಕಚ್ಚಿಕೊಂಡು ಬೀಕನ್ ಹಂಚಿದಳು. ಅಂಗೈಯಗಲದ ಯಂತ್ರ. ಎದೆಗೆ ಕಟ್ಟಿಕೊಂಡರೆ ಸುಮ್ಮನೆ ಕಿವಿಗೆ ಕೇಳದ ಸಂಕೇತ ಕಳಿಸುತ್ತಾ ಇರುತ್ತದೆ. ಕಟ್ಟಿಕೊಂಡವನು ಹಿಮದಡಿ ಹೂತುಹೋದರೆ ಮೇಲಿರುವವರ ಯಂತ್ರಗಳಿಗೆ ಅದು ಕೇಳುತ್ತದೆ.

"ದನಕ್ಕೆ ಗಂಟೆ ಕಟ್ಟಿದ ಹಾಗೆ," ಅಂದ ಮಾನ್ಸಾಕು.

"ಹೌದು, ಕಳೆದುಹೋಗೋ ದನಕ್ಕೇ ಕಟ್ಟೋದು," ಅಂದಳು. ಒಬ್ಬೊಬ್ಬರನ್ನೇ ತನ್ನ ಮುಂದೆ ನಡೆಸಿ ಎಲ್ಲ ಯಂತ್ರವೂ ಕೂಗುತ್ತದೆಂದು ಖಾತ್ರಿ ಮಾಡಿಕೊಂಡಳು. ಬಾರದ ಅತಿಥಿಯ ಬೀಕನ್ ಒಂದು ಬುಟ್ಟಿಯಲ್ಲಿ ಉಳಿದಿತ್ತು. ಬುಟ್ಟಿಯನ್ನು ಗಾಡಿಯೊಳಗೆ ಇಟ್ಟುಬರಲು ಮಾನ್ಸಾಕುವಿಗೇ ಹೇಳಿ, ಮುಂದೆ ನಿಂತು ದಾರಿ ಕೊರೆಯತೊಡಗಿದಳು.

ಹತ್ತುವುದಕ್ಕೆ ಮೂರು ಗಂಟೆ ಹಿಡಿಯಿತು. ಬುನಾ ಮರಗಳ ಕಾಡು, ಎರಡು ದಿನ ಬಿದ್ದ ಹೊಸ ಹಿಮ, ತೊಡೆಯವರೆಗೆ. ಒಗಾತಾ ಮತ್ತು ಉಳಿದವರು ಸ್ಕೀ ಅಡಿಗೆ ಚರ್ಮದ ಪಟ್ಟಿ ಅಂಟಿಸಿಕೊಂಡು ಸಾಲಾಗಿ ಹತ್ತಿದರು. ಮುದುಕರು ಹಿಮಪಾದುಕೆಯಲ್ಲಿ, ಎಪ್ಪತ್ತರ ಹತ್ತಿರದವರು, ಉಸಿರು ಕೂಡ ಎತ್ತರಿಸದೆ. ಬೇಟೆಗಾರರು ಬೆಟ್ಟದಲ್ಲಿ ಪಿಸುಮಾತಿನಲ್ಲೇ ಮಾತಾಡುತ್ತಾರೆ. ಜೋರಾಗಿ ಕೂಗಿದರೆ ಹಿಮ ಜಾರಿ ಬರುತ್ತದಂತೆ.

"ಅದು ಸುಳ್ಳು ಅಜ್ಜಾ. ಕೂಗಿಗೆ ಹಿಮ ಕುಸಿಯಲ್ಲ. ಕಾಲಿನ ಭಾರಕ್ಕೆ ಕುಸಿಯುತ್ತೆ."

"ಪಿಸುಗುಟ್ಟಿದ್ದಕ್ಕೆ ಯಾರೂ ಸತ್ತಿಲ್ಲ," ಅಂತ ತೊಮೆಕಿಚಿ ಪಿಸುಗುಟ್ಟಿದ.

ಮೇಲೆ ದಿಬ್ಬದ ಬೆನ್ನು. ಅದರಾಚೆ ಒರಳು. ದೊಡ್ಡ ಕಲ್ಲಿನ ಒರಳಿನ ಹಾಗೇ ಗುಂಡಗೆ ತೋಡಿದ, ಒಂದೂ ಮರವಿಲ್ಲದ ಬಿಳಿ ಇಳಿಜಾರು. ಇಂಥ ಇಳಿಜಾರು ಎದುರಿಗೆ ಸಿಕ್ಕಾಗ ಸ್ಕೀ ಕಟ್ಟಿಕೊಂಡವನ ಬುದ್ಧಿ ಅಂಗಾಲಿಗೆ ಇಳಿಯುತ್ತದೆ. ಇದೊಂದನ್ನು ತೋರಿಸಿಯೇ ಚಿಗುಸಾ ಈ ಒಂಬತ್ತು ಜನರನ್ನು ಕರೆತಂದಿದ್ದಳು. ಇದರ ಫೋಟೋ ಹಾಕಿಯೇ ಜಾಹೀರಾತು ಮಾಡಿದ್ದಳು.

"ಓಹೋಹೋ," ಅಂದ ಒಗಾತಾ. ಕೆಮ್ಮು ಮರೆತುಹೋಗಿತ್ತು.

"ಎಲ್ಲರೂ ಇಲ್ಲೇ ಕೂತು ಊಟ ಮಾಡಿ. ಅಂಚಿನ ಹತ್ತಿರ ಯಾರೂ ಹೋಗ್ಬೇಡಿ," ಅಂತ ಹೇಳಿ ಅವಳು ಸಲಿಕೆ ತೆಗೆದಳು. ಒರಳಿನ ದಿಕ್ಕಿಗೇ ಮುಖ ಮಾಡಿದ ಚಿಕ್ಕದೊಂದು ಏರು ಪಕ್ಕದಲ್ಲಿತ್ತು, ಜಾರಿದರೂ ಮೊಣಕಾಲಿಗಿಂತ ಮೇಲೆ ಬರದಷ್ಟು. ಅಲ್ಲಿ ಎದೆಯಾಳ ಗುಂಡಿ ತೋಡಿದಳು. ಗೋಡೆಯಲ್ಲಿ ಒಂದು ಕಂಬ ಕೊರೆದು ಬಿಡಿಸಿ, ಅದರ ತಲೆಯ ಮೇಲೆ ಸಲಿಕೆಯ ಹಲಗೆ ಇಟ್ಟಳು. ಮಣಿಕಟ್ಟಿನಿಂದ ಹತ್ತು ಸಲ ತಟ್ಟಬೇಕು, ಮೊಣಕೈಯಿಂದ ಹತ್ತು ಸಲ, ಭುಜದಿಂದ ಹತ್ತು ಸಲ. ಕಂಬ ಎಷ್ಟಕ್ಕೆ ಮುರಿಯುತ್ತದೋ ನೋಡಬೇಕು.

ಹನ್ನೊಂದನೆಯ ತಟ್ಟಿಗೆ ಮೇಲಿನ ಎರಡಡಿ ಹಿಮ, ಎಣ್ಣೆ ಸವರಿದ ಮಣೆಯ ಮೇಲಿಂದ ಜಾರಿದಂತೆ, ಇಡಿಯಾಗಿ ಅವಳ ಮಡಿಲಿಗೆ ಬಂತು.

ಒಡೆದ ಜಾಗಕ್ಕೆ ಕಣ್ಣು ಹತ್ತಿರ ತಂದಳು. ಹೋದ ವಾರದ ತಿಳಿ ರಾತ್ರಿಗಳಲ್ಲಿ ಹಿಮದ ಮೇಲೆ ಅರಳಿದ ಗರಿಗರಿ ಹರಳುಗಳು, ಹಾಗೇ ನೆಟ್ಟಗೆ ನಿಂತಿದ್ದವು. ಅವುಗಳ ಮೇಲೆ ವಾಯವ್ಯದ ಗಾಳಿ ಸಮುದ್ರದ ಕಡೆಯಿಂದ ಹೊತ್ತು ತಂದು ಬಡಿದು ಕೂರಿಸಿದ ಗಟ್ಟಿ ಹಿಮ. ಹಪ್ಪಳದ ರಾಶಿಯ ಮೇಲೆ ಚಪ್ಪಡಿ ಕಲ್ಲಿಟ್ಟ ಹಾಗೆ. ಮೇಲೆ ಒಬ್ಬ ಮನುಷ್ಯ ಕಾಲಿಟ್ಟರೆ ಸಾಕು.

ಅವಳು ಗುಂಡಿಯಿಂದ ತಲೆ ಎತ್ತಿ ನೋಡಿದಳು. ಹತ್ತು ಹೆಜ್ಜೆ ಆಚೆ ಒಂಬತ್ತು ಜನ ಒರಳನ್ನು ನೋಡಿ ಜೊಲ್ಲು ಸುರಿಸುತ್ತಿದ್ದರು. ತೊಮೆಕಿಚಿ ಅನ್ನದ ಉಂಡೆ ಅಗಿಯುತ್ತಾ ಅವಳನ್ನು ನೋಡುತ್ತಿದ್ದ. ಇಳಿಸಿದರೆ ಧೈರ್ಯವಂತೆ ಅಂತಾರೆ. ಇಳಿಸದಿದ್ದರೆ, ಅಯ್ಯೋ, ಒಂಬತ್ತು ವರ್ಷ ಕಲಿತು ಹೆದರಿಕೆ ಕಲಿತು ಬಂದಳು ಅಂತಾರೆ. ಅನ್ನಲಿ ಬಿಡು, ಅಂದುಕೊಂಡಳು. ಅನ್ನುವವರ ಬಾಯಿಗೆ ಹಿಮ ತುಂಬುವುದಿಲ್ಲವಲ್ಲ.

"ಒರಳು ಇವತ್ತು ಇಲ್ಲ," ಅಂದಳು ಮೇಲೆ ಬಂದು. "ಬಂದ ದಿಬ್ಬದ ಮೇಲೇ ಸ್ವಲ್ಪ ದೂರ ಹೋಗಿ, ಬುನಾ ಮರಗಳ ನಡುವೆ ಇಳಿಯೋಣ."

"ಏನಮ್ಮಾ ಇದು!" ಒಗಾತಾ ಎದ್ದು ನಿಂತ. "ಆರು ಗಂಟೆ ಗಾಡಿ ಓಡಿಸ್ಕೊಂಡು ಬಂದಿದ್ದೀವಿ. ಬಿಸಿಲಿದೆ, ಗಾಳಿ ನಿಂತಿದೆ. ಮರದ ನಡುವೆ ಇಳಿಯೋಕೆ ಇಲ್ಲಿಗೆ ಬರ್ಬೇಕಿತ್ತಾ?"

"ಒಗಾತಾ ಸಾನ್, ನಿಮ್ಮ ಮಕ್ಕಳು ಶಾಲೇಲಿ ‘ಮೇಷ್ಟ್ರೇ, ಇದೊಂದ್ಸಲ’ ಅಂದ್ರೆ ಬಿಡ್ತೀರಾ?"

"ಬಿಡಲ್ಲ."

"ನಾನೂ ಬಿಡಲ್ಲ. ಹೊರಡಿ. ಹತ್ತು ಹೆಜ್ಜೆ ಅಂತರ ಇರ್ಲಿ."

ಅವಳ ದನಿಯಲ್ಲಿ ಏನಿತ್ತೋ, ಎಲ್ಲರೂ ಗಡಿಬಿಡಿಯಲ್ಲಿ ಎದ್ದು ಚೀಲ ಕಟ್ಟಿದರು. ತೊಮೆಕಿಚಿ ಬೆರಳಿಗಂಟಿದ ಅನ್ನ ನೆಕ್ಕಿಕೊಂಡು ಸಾಲಿಗೆ ಸೇರಿದ.

ನೂರು ಹೆಜ್ಜೆ ನಡೆದಿರಬಹುದು. ಕಾಲಡಿಯಲ್ಲಿ ನೆಲವೇ ನಿಟ್ಟುಸಿರು ಬಿಟ್ಟಂತೆ ‘ಹೂಂಫ್’ ಅಂತು. ಹೊಟ್ಟೆಯೊಳಗೆ ಕೇಳುವ ಸದ್ದು ಅದು. ಬಲಗಡೆ ಒರಳಿನ ಅಂಚಿನುದ್ದಕ್ಕೂ ಚಾಕುವಿನಲ್ಲಿ ಗೀರಿದ ಹಾಗೆ ಒಂದು ಗೆರೆ ಓಡಿತು. ಗೆರೆಯ ಕೆಳಗಿನ ಬಿಳುಪು ಚೂರುಚೂರಾಗಿ, ಚಪ್ಪಡಿ ಚಪ್ಪಡಿಯಾಗಿ ಹೊರಟಿತು. ಆಮೇಲೆ ಹೊಗೆ. ಆಮೇಲೆ ಸದ್ದು. ಅರ್ಧ ಒರಳು ಅದರದ್ದೇ ತಳಕ್ಕೆ ಹೋಗಿ ಬಿತ್ತು.

ಹನ್ನೆರಡು ಜನ ಕಂಬದಂತೆ ನಿಂತರು. ಒಗಾತಾನ ಮುಖ ಅವನ ಜಾಕೆಟ್ಟಿಗಿಂತ ಹಳದಿ.

ಚಿಗುಸಾ ಮೊದಲು ಎಣಿಸಿದಳು. ಹನ್ನೊಂದು, ತಾನು ಹನ್ನೆರಡು. ಎಲ್ಲರೂ ಇದ್ದಾರೆ.

"ಸಾನ್ಸುಕೆ?" ಅಂದ ತೊಮೆಕಿಚಿ. ಶಿಕಾರಿ ತಂಡ ಎಣಿಸಿದರೆ ಪೂರಾ ಎಣಿಸುತ್ತಾನೆ.

"ಇದ್ದಾನೆ ಇದ್ದಾನೆ," ಅಂತ ಮಾನ್ಸಾಕು ಬೆನ್ನಿನ ಚೀಲ ತಟ್ಟಿದ. ತಟ್ಟಿದ ಕೈ ಅಲ್ಲೇ ನಿಂತಿತು. ಚಿಗುಸಾಗೆ ಅದನ್ನು ಗಮನಿಸುವ ಪುರುಸೊತ್ತಿರಲಿಲ್ಲ.

ಬುನಾ ಮರಗಳ ದಿಣ್ಣೆಯಗುಂಟ ಎಲ್ಲರನ್ನೂ ಇಳಿಸಿದಳು. ಅರ್ಧ ಗಂಟೆಯಲ್ಲಿ ಒರಳಿನ ತಳದ ಪಕ್ಕಕ್ಕೆ ಬಂದರು. ಹಿಮದ ಗಡ್ಡೆಗಳು ಮನೆ ಕೆಡವಿದ ಜಾಗದಂತೆ ರಾಶಿ ಬಿದ್ದಿದ್ದವು. ಹಾಗೇ ದಾಟಿ ಹೋಗಬಹುದಿತ್ತು. ಆದರೆ ಜಾರಿದ್ದು ತಮ್ಮ ಹೆಜ್ಜೆಗೆ. ಕೆಳಗೆ ಬೇರೆ ಯಾರಾದರೂ ಇದ್ದಿದ್ದರೆ? ಬೀಕನ್ ಕಟ್ಟಿಕೊಂಡು ಸ್ಕೀಗೆ ಬಂದ ಇನ್ನೊಂದು ತಂಡ?

"ಎಲ್ಲರೂ ಬೀಕನ್ ಕಳಿಸೋದು ನಿಲ್ಲಿಸಿ, ಕೇಳೋದಕ್ಕೆ ಹಾಕಿ. ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಹೋಗಿಬಿಡೋಣ."

ಹನ್ನೆರಡು ಯಂತ್ರಗಳು ಮೌನವಾದವು. ರಾಶಿಯ ಅಂಚಿನಲ್ಲಿ ಅವಳು ನಾಲ್ಕು ಹೆಜ್ಜೆ ಇಟ್ಟಳು.

ಬೀಪ್.

ಅವಳು ಯಂತ್ರವನ್ನು ಕಣ್ಣಿನ ಹತ್ತಿರ ತಂದಳು. ಬೀಪ್. ಪರದೆಯಲ್ಲಿ ಮೂವತ್ತೆಂಟು ಅಂತ ಅಂಕಿ. ಮೂವತ್ತೆಂಟು ಮೀಟರ್ ಆಚೆ, ಹಿಮದ ಕೆಳಗೆ, ಎದೆಗೆ ಯಂತ್ರ ಕಟ್ಟಿಕೊಂಡ ಯಾರೋ ಒಬ್ಬರು. ಹಿಮ ಜಾರಿ ಆಗಲೇ ಅರ್ಧ ಗಂಟೆ.

ಇನ್ನು ಕೆಲಸ, ಊರು, ಒಪ್ಪಿಗೆ, ಎಲ್ಲ ಹೋಯಿತು ಅಂತ ಒಂದು ಕ್ಷಣ ಅನಿಸಿದ್ದು ನಿಜ. ಮರುಕ್ಷಣಕ್ಕೆ ಅದಕ್ಕೆ ಜಾಗವಿರಲಿಲ್ಲ. ತಲೆ ಎತ್ತಿ ನೋಡಿದಳು. ಒರಳಿನ ಎಡಗಡೆಯ ಅರ್ಧ ಇನ್ನೂ ಮೇಲೆ ನೇತಾಡುತ್ತಿತ್ತು. ರಾಶಿಯ ಮೇಲೆ ಹೆಚ್ಚು ಜನ ಹೋದರೆ ಹೆಚ್ಚು ಜನರ ಹೆಣ.

"ಕೆಳಗೆ ಯಾರೋ ಇದ್ದಾರೆ. ಒಗಾತಾ ಸಾನ್, ಸಲಿಕೆ ತಗೊಂಡು ನನ್ನ ಜೊತೆ ಬನ್ನಿ. ಮಿಕ್ಕವರು ಮರಗಳ ಹಿಂದೆ, ಒಬ್ಬರೂ ಅಲ್ಲಾಡಬಾರದು."

ತೊಮೆಕಿಚಿ ಆಗಲೇ ರಾಶಿಯ ಕಡೆ ಇಳಿಯುತ್ತಿದ್ದ.

"ಅಜ್ಜಾ, ನಿಲ್ಲಿ!" ಅವಳು ಸೀಟಿಯನ್ನು ಅವನ ಕೈಗೆ ತುರುಕಿದಳು. "ಆ ಬಂಡೆ ಮೇಲೆ ನಿಂತು ಎಡಗಡೆ ಹಿಮಾನೇ ನೋಡ್ತಿರಿ. ಅಲ್ಲಾಡಿದ್ರೆ ಊದಿ. ನಾವು ಏನೇ ಮಾಡ್ಲಿ, ನೀವು ಕೆಳಗೆ ನೋಡ್ಬೇಡಿ, ಇಳೀಬೇಡಿ."

ಮುದುಕ ಅವಳ ಮುಖ ನೋಡಿದ. ಸೀಟಿ ಬಾಯಲ್ಲಿಟ್ಟುಕೊಂಡು ಬಂಡೆ ಹತ್ತಿದ.

ಮೂವತ್ತೆಂಟು, ಇಪ್ಪತ್ತಾರು, ಹದಿನೇಳು. ಗಡ್ಡೆಗಳ ಮೇಲೆ ಮುಗ್ಗರಿಸುತ್ತಾ ಓಡಿದಳು. ಹಿಂದೆ ಯಾರೋ ಏದುಸಿರು ಬಿಡುತ್ತಾ ಬರುತ್ತಿದ್ದರು. ತಿರುಗಿ ನೋಡಿದರೆ ಮಾನ್ಸಾಕು.

"ನಿಮ್ಮನ್ನ ಕರೆದಿಲ್ಲ ಮಾಮಾ!"

"ಚಿಗುಸಾ, ಒಂದ್ಮಾತು..."

"ಮಾತು ಆಮೇಲೆ!"

ಒಂಬತ್ತು, ನಾಲ್ಕು, ಎರಡು. ಮಂಡಿಯೂರಿ ಯಂತ್ರವನ್ನು ಹಿಮಕ್ಕೆ ತಾಗಿಸಿ ಹಿಂದೆ ಮುಂದೆ ಆಡಿಸಿದಳು. ಒಂದು ಪಾಯಿಂಟ್ ಒಂದು. ಮಡಿಚಿದ ಸಲಾಕೆ ಬಿಡಿಸಿ ಚುಚ್ಚಿದಳು. ಏನಿಲ್ಲ. ಒಂದು ಗೇಣು ಆಚೆ. ಏನಿಲ್ಲ. ಐದನೆಯ ಚುಚ್ಚಿಗೆ ಕೆಳಗೆ ಏನೋ ತಡೆಯಿತು.

"ಇಲ್ಲೇ! ಅಗೀರಿ!"

"ಚಿಗುಸಾ, ಕೇಳಮ್ಮಾ, ಅದು..."

"ಬಾಯಿ ಮುಚ್ಚಿ ಅಗೀರಿ ಮಾಮಾ! ಒಂದು ಜೀವ ಅದು!"

ಮಾನ್ಸಾಕು ಬಾಯಿ ಮುಚ್ಚಿ ಅಗೆದ. ಅಳುಮುಖ ಮಾಡಿಕೊಂಡು, ಮೂಗು ಸೋರಿಸಿಕೊಂಡು, ಇಪ್ಪತ್ತು ವರ್ಷದ ಹುಡುಗರೂ ಅಗೆಯದ ಹಾಗೆ ಅಗೆದ. ಎಂಥ ಒಳ್ಳೆಯ ಮನಸ್ಸು ಅಂತ ಆ ಅವಸರದಲ್ಲೂ ಚಿಗುಸಾ ಅಂದುಕೊಂಡಳು. ಒಗಾತಾ ಹೊಸ ಜಾಕೆಟ್ಟು ಕಿತ್ತೆಸೆದು ಗಡ್ಡೆಗಳನ್ನು ಕೈಯಲ್ಲೇ ಎತ್ತಿ ಹಾಕುತ್ತಿದ್ದ. "ಹೆದರ್ಬೇಡಿ! ಬಂದ್ವಿ! ಉಸಿರು ಹಿಡ್ಕೊಳ್ಳಿ!" ಅಂತ ಹಿಮದ ಒಳಗಿನವರಿಗೆ ಕೂಗುತ್ತಿದ್ದ.

ಒಂದು ಮೀಟರ್ ಆಳದಲ್ಲಿ ಹುಲ್ಲು ಕಂಡಿತು.

"ಟೋಪಿ! ಹುಲ್ಲಿನ ಟೋಪಿ!" ಅಂದ ಒಗಾತಾ.

ಚಿಗುಸಾ ಸಲಿಕೆ ಬಿಸಾಡಿ, ಮುಖ ಎಲ್ಲಿರಬಹುದೆಂದು ಕೈಯಿಂದ ಗೋರಿದಳು. ಮೂಗು ಸಿಕ್ಕಿತು. ಗಟ್ಟಿಯಾಗಿತ್ತು. ಹಿಮ ಸರಿಸಿದಳು. ಒಂದು ಮೇಲೆ, ಒಂದು ಕೆಳಗೆ, ಎರಡು ಇದ್ದಿಲ ಹುಬ್ಬುಗಳು ಅವಳನ್ನು ನೋಡಿದವು.

ಹುಲ್ಲಿನ ಕಾಲುಚೀಲದೊಳಗೆ, ಎದೆಗೆ ಅಚ್ಚುಕಟ್ಟಾಗಿ ಬಿಗಿದ ಬೀಕನ್, ಚಿಕ್ಕ ದೀಪ ಮಿಣುಕಿಸುತ್ತಿತ್ತು.

ಮಾನ್ಸಾಕು ಅಗೆಯುವುದನ್ನು ನಿಲ್ಲಿಸಿದ.

"ಎಲ್ಲರಿಗೆ ಕೊಟ್ಟಿದ್ದೆಲ್ಲ ಇವನಿಗೂ ಕೊಡ್ಬೇಕು ಅಂತ ಶಿಕಾರಿ ಅಂದಿದ್ನಲ್ಲ," ಅಂದ ಮಾನ್ಸಾಕು ಕೊನೆಗೆ, ನೆಲ ನೋಡುತ್ತಾ. "ಬುಟ್ಟೀಲಿ ಒಂದು ಮಿಕ್ಕಿತ್ತು. ಊಟದ ಹೊತ್ತಲ್ಲಿ ಅವನೂ ಒರಳು ನೋಡ್ಲಿ ಅಂತ ಅಂಚಿನ ಹತ್ರ ನಿಲ್ಲಿಸ್ದೆ. ನೀನು ಹೊರಡಿ ಹೊರಡಿ ಅಂತ ಗದರಿದ್ಯಲ್ಲ, ಮರ್ತುಬಿಟ್ಟೆ. ಶಿಕಾರಿ ಎದುರಿಗೆ ಸಂಗಡಿಗನ್ನ ಬಿಟ್ಟು ಬಂದೆ ಅಂತ ಹೇಗಮ್ಮ ಹೇಳ್ಲಿ?"

"ಮಾಮಾ!" ಚಿಗುಸಾ ಕಿರುಚಿದಳು. "ನಿಮಗೆ ಬುದ್ಧಿ ಇದೆಯಾ? ಮೂರು ಜೀವ ಆ ಹಿಮದ ಕೆಳಗೆ ತಂದು ನಿಲ್ಲಿಸಿದ್ದೀನಲ್ಲ, ಈ ಸೌದೆಗೋಸ್ಕರ! ಎರಡು ಸಲ ಬಾಯಿ ತೆಗೆದ್ರಿ, ಒಂದು ಸಲ ‘ಗೊಂಬೆ’ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಒಂದೇ ಒಂದು ಶಬ್ದ! ಗೊಂ! ಬೆ!"

ಬೆಟ್ಟ ಅವಳ ಮಾತನ್ನು ನಾಲ್ಕು ಸಲ ತಿರುಗಿ ಹೇಳಿತು. ಬಂಡೆಯ ಮೇಲೆ ತೊಮೆಕಿಚಿ ಕತ್ತು ಕುಗ್ಗಿಸಿ ಎಡಗಡೆಯ ಇಳಿಜಾರನ್ನೇ ನೋಡಿದ. ಒಂದು ಹಿಡಿ ಹಿಮವೂ ಉದುರಲಿಲ್ಲ.

ಮೊದಲು ನಕ್ಕವನು ಒಗಾತಾ. ಮಂಡಿ ಮೇಲೆ ಕೈಯೂರಿ, ಬೆವರಿದ ಬನಿಯನ್ನಿನಲ್ಲಿ, ಕುದುರೆ ಕೆನೆದ ಹಾಗೆ ನಕ್ಕ. "ನಾನು ಅವನಿಗೆ ಉಸಿರು ಹಿಡ್ಕೋ ಅಂದೆ! ಹಿಡ್ಕೊಂಡಿದ್ದಾನೆ ನೋಡಿ, ಎಂಥ ಶಿಸ್ತು!" ಮರಗಳ ಹಿಂದಿನ ಎಂಟು ಜನಕ್ಕೆ ವಿಷಯ ಮುಟ್ಟಿದಾಗ ಕಾಡೇ ನಕ್ಕಂತಾಯಿತು. ಚಿಗುಸಾಗೂ ನಗು ಬಂತು. ತಡೆದಳು, ಮೂಗಿನಿಂದ ಬಂತು. ಆಮೇಲೆ ಗುಂಡಿಯ ಅಂಚಿನಲ್ಲಿ ಕೂತುಬಿಟ್ಟಳು. ಯಾರೂ ಸತ್ತಿಲ್ಲ. ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಯಾರೂ ಸತ್ತಿಲ್ಲ.

"ಏಳಿ, ಏಳಿ, ಈ ಜಾಗ ಬಿಡಿ ಮೊದಲು," ಅಂತ ಅವಳೇ ಮತ್ತೆ ಎಲ್ಲರನ್ನೂ ಎಬ್ಬಿಸಿ ಹೊರಡಿಸಿದಳು. ಮೂವರೂ ರಾಶಿ ದಾಟಿ ಮರಗಳೊಳಗೆ ಸೇರಿದ ಮೇಲೆ ಬಂಡೆಯ ಕಡೆ ಕೈ ಬೀಸಿದಳು. ಆಗಲೇ ತೊಮೆಕಿಚಿ ಕಣ್ಣು ಕೆಳಗಿಳಿಸಿದ್ದು, ಬಾಯಿಂದ ಸೀಟಿ ತೆಗೆದದ್ದು.

ಮಾನ್ಸಾಕು ಅವನ ಮುಂದೆ ಹೋಗಿ ತಲೆ ತಗ್ಗಿಸಿ ನಿಂತ.

"ಬಿಟ್ಟು ಬಂದ್ಯಾ?"

"ಬಿಟ್ಟು ಬಂದೆ."

"ವಸಂತದ ಕರಡಿ ಬೇಟೆ ಮುಗಿಯೋವರೆಗೂ ನಿನಗೆ ಅಡುಗೆ ಕೆಲಸ. ಪಾತ್ರೆನೂ ನೀನೇ ತೊಳಿ."

"ನಾನು ಮಾಡಿದ್ದನ್ನ ನೀವೆಲ್ಲ ತಿನ್ಬೇಕಾಗುತ್ತೆ, ಯೋಚ್ನೆ ಮಾಡು."

ತೊಮೆಕಿಚಿ ಯೋಚನೆ ಮಾಡಿದ. "ಪಾತ್ರೆ ಮಾತ್ರ," ಅಂದ.

ಇಳಿಯುವಾಗ ಅತಿಥಿಗಳು ಮುಂದೆ. ಸಿಕ್ಕ ಸಿಕ್ಕ ಮರದ ಸುತ್ತ ಸ್ಕೀ ತಿರುಗಿಸುತ್ತಾ, ಪುಡಿಹಿಮ ಎಗರಿಸುತ್ತಾ, ಕೇಕೆ ಹಾಕುತ್ತಾ ಇಳಿದರು. ಮರದ ನಡುವಿನ ಹಿಮ ಇಷ್ಟು ಚೆನ್ನಾಗಿರುತ್ತೆ ಅಂತ ಮೊದಲೇ ಯಾಕೆ ಹೇಳಲಿಲ್ಲ ಅಂತ ಒಗಾತಾ ಅವಳನ್ನೇ ದೂರಿದ. ಚಿಗುಸಾ ಮಾತ್ರ ಮುದುಕನ ನಡಿಗೆಗೆ ಸರಿಯಾಗಿ ನಿಧಾನ ಇಳಿಯುತ್ತಿದ್ದಳು. ಬೆಟ್ಟದ ಬುಡ ಬಂತು. ಸೇಬಿನ ತೋಟಗಳ ಬೇಲಿ ಕಂಡಿತು. ಮುದುಕ ತಲೆ ತಗ್ಗಿಸಿ ನಡೆಯುತ್ತಲೇ ಇದ್ದ.

"ಅಜ್ಜಾ, ಬೈಯೋದಾದ್ರೆ ಬೈದುಬಿಡಿ."

"ಮೂವತ್ತೊಂದು ವರ್ಷ ಆಯ್ತು ನಾನು ಶಿಕಾರಿ ಆಗಿ," ಅಂದ ತೊಮೆಕಿಚಿ. "ಈ ಬೆಟ್ಟದಲ್ಲಿ ನನಗೆ ನಿಲ್ಲು ಅಂತ ಒಬ್ಬರೂ ಅಂದಿರ್ಲಿಲ್ಲ."

"ತಪ್ಪಾಯ್ತು."

"ತಪ್ಪು ಅಂದ್ನಾ? ನೀನು ಅನ್ನದೇ ಇದ್ದಿದ್ರೆ ನಾನು ಇಳೀತಿದ್ದೆ. ನಾನು ಇಳಿದಿದ್ರೆ ಒಂಬತ್ತು ಜನಾನೂ ನನ್ನ ಹಿಂದೆ ಇಳೀತಿದ್ರು. ಆ ಎಡಗಡೆ ಹಿಮ ನೋಡ್ತಾ ನಿಂತಾಗ ಗೊತ್ತಾಯ್ತು ನನಗೆ." ಅವನು ನಿಂತು ಮೂಗು ಒರೆಸಿಕೊಂಡ. "ಮುಂದಿನ ಭಾನುವಾರ ಎಷ್ಟು ಜನ ಬರೋರು?"

"ಯಾರು?"

"ನಿನ್ನ ಜನ ಹುಡುಗಿ, ಇನ್ಯಾರು? ನನ್ನ ಹೆಂಡತಿಗೆ ಹೇಳ್ಬೇಕಲ್ಲ. ತರಕಾರಿ ಹೆಚ್ಚಿ ಹಾಕಿ ಸಾರು ಮಾಡೋಕೆ ಅವಳಿಗೆ ಎರಡು ದಿನ ಬೇಕು. ಕರ್ಕೊಂಡ್ ಬಾ. ಒರಳು ಇಳೀಬಹುದೋ ಬೇಡವೋ, ಅವತ್ತು ನನ್ನ ಮುಖ ನೋಡ್ಬೇಡ. ನೀನೇ ಹೇಳು. ನಮ್ಮ ಹುಡುಗರು ಬೇಟೆಗೆ ಹೋಗುವಾಗ್ಲೂ ನಿನ್ನನ್ನ ಕೇಳಿ ಹೋಗ್ಲಿ."

ಚಿಗುಸಾ ಸುಮ್ಮನೆ ಕೋಲು ಊರಿ ತನ್ನನ್ನು ತಾನೇ ಮುಂದಕ್ಕೆ ತಳ್ಳಿಕೊಂಡಳು. ಇಡೀ ದಿನ, ಅಷ್ಟು ಇಳಿಜಾರು, ಅಷ್ಟು ಗಡ್ಡೆಗಳ ಮೇಲೆ ಒಮ್ಮೆಯೂ ಬೀಳದವಳು, ಊರಮುಂದಿನ ಚಾಪೆಯಂಥ ಸಮತಟ್ಟು ಬಯಲಿನಲ್ಲಿ, ಒಂಬತ್ತೂ ಅತಿಥಿಗಳು ತಿರುಗಿ ನೋಡುತ್ತಿರುವಾಗ, ಎರಡೂ ಸ್ಕೀ ಅಡ್ಡಡ್ಡ ಸಿಕ್ಕಿಕೊಂಡು ಮುಖ ಅಡಿಯಾಗಿ ಬಿದ್ದಳು. ಬಿದ್ದಲ್ಲೇ ಮಲಗಿ ನಗುತ್ತಿದ್ದಳು. ಎಬ್ಬಿಸಲು ಹೋದ ಒಗಾತಾನ ಕೈ ಹಿಡಿದು ಅವನನ್ನೂ ಎಳೆದು ಕೆಡವಿದಳು.